ಹತ್ತಕ್ಕೆ ಹದಿನಾರು

ಕಠ್ಮಂಡುವಿನ ಪಶುಪತಿನಾಥನ ಗುಡಿಯಲ್ಲಿ ಮೂಲ ಪೂಜೆ ಮಾಡುವ ಭಟ್ಟರು ಕನ್ನಡ ನಾಡಿನ ಕಡೆಯವರೆಂಬುದು ಇಲ್ಲಿ ಸೇರಿರುವ ಹಲವರಿಗೆ ಗೊತ್ತಿರುವ ಸಂಗತಿ. ಅಲ್ಲಿಗೆ ಯಾತ್ರೆ ಹೋಗಿಬಂದವರಿಗೆ ಇನ್ನೊಂದೂ ನೆನಪಿರಬಹುದು. ಗುಡಿಯ ಹೊರಗೆ ಹೂವು, ರುದ್ರಾಕ್ಷಿ ಮಾರುವವರು ಭಾರತದ ಹತ್ತು ರೂಪಾಯಿಯನ್ನು ಕ್ಷಣವೂ ಯೋಚಿಸದೆ ಹದಿನಾರೆಂದು ಎಣಿಸುತ್ತಾರೆ. ಎರಡು ದೇಶದ್ದೂ ರೂಪಾಯಿಯೇ ಆದ್ದರಿಂದ ಗೊಂದಲವಾಗದಿರಲೆಂದು ಭಾರತದ್ದನ್ನು ‘ಭಾರು’ ಎಂದೋ, ಇಂಡಿಯನ್ ಕರೆನ್ಸಿಯ ಮೊದಲಕ್ಷರ ಹಿಡಿದು ‘ಐಸಿ’ ಎಂದೋ ಕರೆಯುತ್ತಾರೆ. ಭಾರತದಲ್ಲಿ ಬೆಲೆ ಅಚ್ಚಾದ ಬಿಸ್ಕತ್ತಿನ ಪೊಟ್ಟಣವಾದರೆ ಅಚ್ಚಾದ ಬೆಲೆಯನ್ನು 1.60ರಿಂದ ಗುಣಿಸಿದರಾಯಿತು, ಅಲ್ಲಿನ ಬೆಲೆ ಸಿಕ್ಕಿತು.

ಈ ದರ 1993ರ ಫೆಬ್ರವರಿ 12ರಿಂದ ಅಲುಗಾಡಿಲ್ಲ. ಇಷ್ಟು ಕಾಲ ನಿಂತ ಸಂಖ್ಯೆ ಯಾರಿಗಾದರೂ ಪ್ರಕೃತಿ ನಿಯಮದಂತೆ ಕಾಣುತ್ತದೆ. ಹಾಗೇನೂ ಇಲ್ಲ. ಅದನ್ನು ಹಿಡಿದು ನಿಲ್ಲಿಸುವವರಿದ್ದಾರೆ, ಮತ್ತು ಹಿಡಿಯುವ ಕೆಲಸವೆಲ್ಲ ಒಂದೇ ಕಡೆಯದು.

ರಾಣಾ ಪ್ರಧಾನಿಗಳ ಆಳ್ವಿಕೆ 1951ರಲ್ಲಿ ಮುಗಿಯುವ ಹೊತ್ತಿಗೆ ನೇಪಾಳದಲ್ಲಿ ಎರಡು ಹಣ ಚಲಾವಣೆಯಲ್ಲಿದ್ದವು. ಕಠ್ಮಂಡು ಕಣಿವೆಯಲ್ಲಿ ನೇಪಾಳದ ನಾಣ್ಯ. ದಕ್ಷಿಣದ ತರಾಯಿ ಬಯಲಿನಲ್ಲಿ ಭಾರತದ ನೋಟು. ಭತ್ತ ಮಾರುತ್ತಿದ್ದುದು ಬಿಹಾರದ, ಉತ್ತರ ಪ್ರದೇಶದ ಪೇಟೆಗಳಿಗೆ. ಉಪ್ಪು, ಬಟ್ಟೆ ಬರುತ್ತಿದ್ದುದೂ ಅಲ್ಲಿಂದಲೇ. ರಾಜಧಾನಿಗೂ ತರಾಯಿಗೂ ನಡುವೆ ಮೋಟಾರು ರಸ್ತೆಯೇ ಇರದ ಕಾಲವದು. ಎರಡು ಹಣಗಳ ನಡುವಿನ ದರವನ್ನು ಪೇಟೆಯೇ ಕಟ್ಟುತ್ತಿತ್ತು. ಅದು ಏರಿಳಿದಂತೆ ಸರಾಫರಿಗೆ ವಟ್ಟದ ಲಾಭ, ಉಳಿದವರಿಗೆ ತಲೆನೋವು. 1956ರಲ್ಲಿ ನೇಪಾಳ ರಾಷ್ಟ್ರ ಬ್ಯಾಂಕ್ ಸ್ಥಾಪನೆಯಾಯಿತು. 1960ರಲ್ಲಿ ಅದು ನೂರು ಭಾರತೀಯ ರೂಪಾಯಿಗೆ 160 ನೇಪಾಳಿ ರೂಪಾಯಿ ಎಂದು ದರ ಗೊತ್ತುಪಡಿಸಿತು. ಅಂದರೆ ಇಂದಿನ ಸಂಖ್ಯೆ ಹುಟ್ಟಿದ್ದು ಆಗಲೇ. ಆದರೆ ನಡುವೆ ಅದು ಮೂವತ್ತು ವರ್ಷಗಳಷ್ಟು ಅಲೆದಾಡಿ ಮನೆಗೆ ಮರಳಿತು.

ಆ ಅಲೆದಾಟದ ಮೊದಲ ಘಟ್ಟವೇ ಅತ್ಯಂತ ಸ್ವಾರಸ್ಯಕರ. 1966ರ ಜೂನ್ 6ರಂದು ಭಾರತ ತನ್ನ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. 4.76 ರೂಪಾಯಿಗೆ ಸಿಗುತ್ತಿದ್ದ ಡಾಲರಿಗೆ 7.50 ಕೊಡಬೇಕಾಯಿತು. ನೇಪಾಳ ಜೊತೆಗೆ ಇಳಿಯಲಿಲ್ಲ. ಲೆಕ್ಕ ಸರಳ. ಅಲ್ಲಿ ಡಾಲರಿಗೆ 7.62 ನೇಪಾಳಿ ರೂಪಾಯಿ ಇತ್ತು, ಹಾಗೆಯೇ ಉಳಿಯಿತು. 7.62ನ್ನು 4.76ರಿಂದ ಭಾಗಿಸಿದರೆ 1.60, 7.50ರಿಂದ ಭಾಗಿಸಿದರೆ ಒಂದರ ಮೇಲೆ ಚೂರು. ನಿನ್ನೆಯವರೆಗೆ 160ಕ್ಕೆ ಸಮನಾಗಿದ್ದ ನೂರು ಭಾರತೀಯ ರೂಪಾಯಿ ಇಂದು ನೂರೊಂದು ಚಿಲ್ಲರೆಗೆ ಇಳಿಯಿತು.

ಎರಡು ದೇಶಗಳ ರೂಪಾಯಿಗಳು ಬಹುತೇಕ ಸರಿಸಮ! ಕಠ್ಮಂಡುವಿನಲ್ಲಿ ಕುಳಿತವರಿಗೆ ಇದು ಅಭಿಮಾನದ ವಿಷಯವೇ. ಭಾರತದ ಬಟ್ಟೆ, ಔಷಧಿ ಕೊಳ್ಳುವವನಿಗೂ ಲಾಭ. ಆದರೆ ಭಾರತೀಯ ಸೇನೆಯಲ್ಲಿ ದುಡಿದು ಬೆಟ್ಟದ ಹಳ್ಳಿಗೆ ಮರಳಿದ ಗೂರ್ಖಾ ಸಿಪಾಯಿಯ ಪಿಂಚಣಿ ಬರುತ್ತಿದ್ದುದು ಭಾರತೀಯ ರೂಪಾಯಿಯಲ್ಲಿ. ನೂರು ರೂಪಾಯಿ ಪಿಂಚಣಿಯವನು ಒಂದೇ ದಿನದಲ್ಲಿ ಐವತ್ತೆಂಟು, ಐವತ್ತೊಂಬತ್ತು ನೇಪಾಳಿ ರೂಪಾಯಿ ಕಳೆದುಕೊಂಡ. ಬೇರೆ ಊರಿನಲ್ಲಿ ಕಾವಲು ಕಾಯುತ್ತಿದ್ದವನ ಮನಿಯಾರ್ಡರಿಗೂ ಅದೇ ಗತಿ. ತರಾಯಿಯ ರೈತ ಭತ್ತಕ್ಕೆ ಅದೇ ನೇಪಾಳಿ ಬೆಲೆ ಕೇಳಿದರೆ ಗಡಿಯಾಚೆಯ ವ್ಯಾಪಾರಿಗೆ ಅದು ದುಬಾರಿ. ನೇಪಾಳದ ರಫ್ತೆಲ್ಲ ಹೆಚ್ಚುಕಡಿಮೆ ಭಾರತಕ್ಕೇ ಹೋಗುತ್ತಿದ್ದ ದಿನಗಳವು. ಅಭಿಮಾನ ಹದಿನೆಂಟು ತಿಂಗಳು ನಡೆಯಿತು. 1967ರ ಡಿಸೆಂಬರಿನಲ್ಲಿ ನೇಪಾಳವೂ ತನ್ನ ಹಣದ ಮೌಲ್ಯ ಇಳಿಸಿತು. ದರ ನೂರಕ್ಕೆ 135 ಆಯಿತು.

ಮುಂದಿನ ಮಜಲುಗಳನ್ನು ಬೇಗ ದಾಟಬಹುದು. 1978ರಲ್ಲಿ 145. 1985ರ ಕೊನೆಯಲ್ಲಿ ಮತ್ತೊಂದು ಅಪಮೌಲ್ಯವಾಗಿ ದರ 160ನ್ನೂ ಮೀರಿತು. 1991ರ ಜುಲೈನಲ್ಲಿ ಭಾರತ ಎರಡು ಕಂತಿನಲ್ಲಿ ರೂಪಾಯಿ ಇಳಿಸಿದಾಗ ನೇಪಾಳ 1966ರಂತೆ ತಟಸ್ಥವಾಗಿ ಕೂರಲಿಲ್ಲ, ಒಡನೆಯೇ ತಾನೂ ಇಳಿಸಿತು. ದರ 165ರಲ್ಲಿ ನಿಂತಿತು. ಪಾಠ ಕಲಿತದ್ದಾಗಿತ್ತು. 1993ರಲ್ಲಿ ಮತ್ತೆ 160.

ಸ್ಥಿರ ದರದಿಂದ ವ್ಯಾಪಾರಕ್ಕೆ ನೆಮ್ಮದಿಯೇನೋ ಉಂಟು. ಗಡಿ ತೆರೆದಿದೆ, ಜನ ಪಾಸ್‌ಪೋರ್ಟಿಲ್ಲದೆ ಓಡಾಡುತ್ತಾರೆ, ನೇಪಾಳದ ವ್ಯಾಪಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಭಾರತದ್ದು. ಇಂಥಲ್ಲಿ ದಿನಕ್ಕೊಂದು ದರವಾದರೆ ಲಾಭ ಮತ್ತೆ ಸರಾಫನಿಗೇ. ಆದರೆ ಈ ದರ ಕಾಯುವ ಹೊಣೆ ಭಾರತೀಯ ರಿಸರ್ವ್ ಬ್ಯಾಂಕಿನದಲ್ಲ. ಕೇಳಿದವರಿಗೆಲ್ಲ 1.60ಕ್ಕೆ ಭಾರತೀಯ ರೂಪಾಯಿ ಒದಗಿಸಬೇಕಾದುದು ನೇಪಾಳ ರಾಷ್ಟ್ರ ಬ್ಯಾಂಕ್. ಅದಕ್ಕಾಗಿ ಅದು ಕೊಲ್ಲಿ ರಾಷ್ಟ್ರಗಳಲ್ಲಿ, ಮಲೇಷ್ಯಾದಲ್ಲಿ ದುಡಿಯುವವರು ಕಳಿಸಿದ ಡಾಲರನ್ನು ಮಾರಿ ರೂಪಾಯಿ ಕೊಳ್ಳುತ್ತದೆ. ಮುಂಬೈಯಲ್ಲಿ ರೂಪಾಯಿ ಕುಸಿದರೆ ನೇಪಾಳದ್ದೂ ಅಷ್ಟೇ ಕುಸಿಯುತ್ತದೆ, ಅಲ್ಲಿನವರ ತಪ್ಪಿರಲಿ, ಇಲ್ಲದಿರಲಿ. 2013ರ ಆಗಸ್ಟಿನಲ್ಲಿ ಹಾಗೇ ಆಯಿತು.

ದರ ಭದ್ರವಾಗಿದ್ದೂ ನೋಟು ಕೈಕೊಡಬಹುದೆಂದು ತೋರಿದ್ದು 2016ರ ನವೆಂಬರ್ 8. ಭಾರತ 500 ಮತ್ತು 1000ದ ನೋಟುಗಳನ್ನು ರದ್ದು ಮಾಡಿತು. ತಲಾ 25,000 ರೂಪಾಯಿಯವರೆಗೆ ಆ ನೋಟುಗಳನ್ನು ನೇಪಾಳಕ್ಕೆ ಒಯ್ಯಲು ಅನುಮತಿ ಸಿಕ್ಕಿ ಬಹಳ ಕಾಲವಾಗಿರಲಿಲ್ಲ. ನೇಪಾಳದ ಬ್ಯಾಂಕುಗಳಲ್ಲೇ 3.36 ಕೋಟಿ ರೂಪಾಯಿಯಷ್ಟು ಹಳೆಯ ನೋಟು ಸಿಕ್ಕಿಕೊಂಡಿತು. ಪೆಟ್ಟಿಗೆಯಲ್ಲಿ, ಸೀರೆಯ ಮಡಿಕೆಯಲ್ಲಿ ಇದ್ದುದಕ್ಕೆ ಲೆಕ್ಕವಿಟ್ಟವರಿಲ್ಲ. ಬದಲಿಸಿಕೊಡುವ ಮಾತುಕತೆ ವರ್ಷಗಟ್ಟಲೆ ಎಳೆಯಿತು. 2018ರ ಡಿಸೆಂಬರಿನಲ್ಲಿ ನೇಪಾಳ ಸರ್ಕಾರವೇ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳನ್ನು ನಿಷೇಧಿಸಿತು. ಬೆಂಗಳೂರಿನ ಹೋಟೆಲುಗಳಲ್ಲಿ ದುಡಿದು ಊರಿಗೆ ಹೊರಡುತ್ತಿದ್ದ ನೇಪಾಳಿಗೆ ಆಗ ದರಕ್ಕಿಂತ ಮೊದಲು ಯೋಚಿಸಬೇಕಾಗಿದ್ದುದು, ಕೈಯಲ್ಲಿದ್ದ 500ರ ನೋಟುಗಳನ್ನು 100ರದಕ್ಕೆ ಎಲ್ಲಿ ಬದಲಿಸಿಕೊಳ್ಳುವುದು ಎಂಬುದನ್ನು.