ಸರಾಸರಿ ಆದಾಯ ಯಾರ ಮನೆಯದು?

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ತಲಾ ಆದಾಯದಲ್ಲಿ ಕರ್ನಾಟಕ ಮುಂದಿದೆ ಅಂತ ಸರ್ಕಾರದವರು ಹೇಳ್ತಾರೆ. ಸುಳ್ಳಲ್ಲ. ಆದರೆ ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. ಅದನ್ನು ಯಾದಗಿರಿಯ ಜೊತೆ ಕೂಡಿಸಿ ಭಾಗಿಸಿದರೆ ಸರಾಸರಿ ಬರುತ್ತೆ, ಯಾದಗಿರಿಯವರ ಹೊಟ್ಟೆ ತುಂಬೋದಿಲ್ಲ.

ಸರಿ, ರೈತನ ಕೈಗೇ ಆದಾಯ ಬಂದರೆ ಸಾಕೆ? ಪಂಜಾಬ್ ನೋಡಿ. ಕೇಂದ್ರ ಸರ್ಕಾರದ 2019ರ ಸಮೀಕ್ಷೆಯಲ್ಲಿ ಅಲ್ಲಿನ ರೈತ ಕುಟುಂಬದ ತಿಂಗಳ ಆದಾಯ 26,701 ರೂಪಾಯಿ, ನಮ್ಮದು 13,441. ಸಾಲ ಎಷ್ಟು? ಅಲ್ಲಿ 2,03,249, ಇಲ್ಲಿ 1,26,240. ಗೋಧಿ, ಭತ್ತಕ್ಕೆ ಬೆಂಬಲ ಬೆಲೆ ಸಿಕ್ಕಿತು. ಅದರ ಜೊತೆಗೇ ಅಂತರ್ಜಲ ಪಾತಾಳಕ್ಕೆ ಇಳಿಯಿತು.

ಈಗ ಕೇರಳ. ತಲಾ ಆದಾಯ ನಮಗಿಂತ ಕಡಿಮೆ. ಅದೇ ಸಮೀಕ್ಷೆಯಲ್ಲಿ ರೈತ ಕುಟುಂಬದ ಸಾಲ ಅಲ್ಲೂ ಎರಡು ಲಕ್ಷ ದಾಟಿತ್ತು. ಆದರೂ 2020ರಲ್ಲಿ, ಹುಟ್ಟಿದ ಸಾವಿರ ಕೂಸುಗಳಿಗೆ ವರ್ಷ ತುಂಬುವ ಮೊದಲೇ ತೀರಿಕೊಂಡದ್ದು ಅಲ್ಲಿ 6, ನಮ್ಮಲ್ಲಿ 19. ಊರ ಹತ್ತಿರ ಆಸ್ಪತ್ರೆ, ಓದು ಕಲಿತ ತಾಯಂದಿರು, ವೈದ್ಯರಿಲ್ಲದಿದ್ದರೆ ಗಲಾಟೆ ಮಾಡುವ ಜನ, ಇವು ಮಾಡಿದ ಕೆಲಸ ಅದು.

ವೈಜ್ಞಾನಿಕ ಬೆಲೆ ನಮ್ಮ ಹಕ್ಕು. ಬಿಡುವ ಮಾತೇ ಇಲ್ಲ. ಆದರೆ ಬಂದ ಬೆಲೆಯನ್ನೆಲ್ಲ ಆಸ್ಪತ್ರೆಯ ಬಿಲ್ಲಿಗೆ, ಹೊಸ ಬೋರಿಗೆ ಸುರಿದರೆ ಗೆದ್ದವನು ಬಡ್ಡಿ ಸಾಹುಕಾರನೇ. ಮುಂದಿನ ಸಲ ತಾಲ್ಲೂಕು ಕಚೇರಿಗೆ ಮನವಿ ಕೊಡುವಾಗ ಬೆಲೆಯ ಕೆಳಗೇ ಇನ್ನೆರಡು ಸಾಲು ಬರೆಯಿರಿ: ನಮ್ಮ ಆರೋಗ್ಯ ಕೇಂದ್ರಕ್ಕೆ ವೈದ್ಯರು ಬೇಕು, ನಮ್ಮ ಕೆರೆಯ ಹೂಳು ತೆಗೆಯಬೇಕು.