ಮನಸ್ಸಿನ ಬೇನೆಗೂ ಮದ್ದುಂಟು
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಒಲೆಯಲ್ಲಿ ಕೈ ಸುಟ್ಟರೆ ನಾವು ಮುಲಾಮು ಹಚ್ಚುತ್ತೇವೆ. ಜ್ವರ ಬಂದರೆ ಗುಳಿಗೆ ನುಂಗುತ್ತೇವೆ. ಆದರೆ ನಮ್ಮವನೊಬ್ಬ ವಾರಗಟ್ಟಲೆ ಉಣ್ಣದೆ, ನಿದ್ದೆಯಿಲ್ಲದೆ, ಯಾರೊಡನೆಯೂ ಮಾತಾಡದೆ ಮೂಲೆ ಹಿಡಿದರೆ ಸೋಮಾರಿ ಎನ್ನುತ್ತೇವೆ. ಇಲ್ಲವೆ ಭೂತದ ಕಾಟವೆಂದು ಊರಿನ ಬಸ್ಸು ಹತ್ತಿಸುತ್ತೇವೆ. ಇದು ಖಿನ್ನತೆ ಎಂಬ ಬೇನೆ. ಇದಕ್ಕೆ ಮದ್ದುಂಟು.

ಈ ಮದ್ದಿನ ಕಥೆಗೂ ನಮ್ಮ ಪರೇಲಿಗೂ ನಂಟಿದೆ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ರುಸ್ತುಂ ವಕೀಲರು ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು 1949ರಲ್ಲಿ ಬರೆದು ಲೋಕಕ್ಕೆ ತಿಳಿಸಿದರು. ಆ ಬೇರಿನಿಂದ ತೆಗೆದ ರಿಸರ್ಪಿನ್ ತಿಂದವರಲ್ಲಿ ಕೆಲವರು ಮನಸ್ಸು ಕುಗ್ಗಿ ಕುಳಿತರು. ಅತ್ತ ಅಮೆರಿಕೆಯಲ್ಲಿ 1952ರ ಸುಮಾರಿಗೆ ಇಪ್ರೋನಿಯಜಿಡ್ ಎಂಬ ಕ್ಷಯದ ಗುಳಿಗೆ ತಿಂದ ರೋಗಿಗಳು ಗೆಲುವಾದರು. ಗುಳಿಗೆಯಿಂದ ಮನಸ್ಸು ಇಳಿಯಬಹುದಾದರೆ ಏರಲೂಬಹುದು ಎಂದು ವೈದ್ಯರು ಕಂಡುಕೊಂಡರು. 1957ರ ಹೊತ್ತಿಗೆ ಖಿನ್ನತೆಗೆಂದೇ ಮದ್ದು ಬಂತು. ಇಂದು ಫ್ಲುವೊಕ್ಸೆಟಿನ್, ಎಸಿಟಲೊಪ್ರಾಮ್ ಮುಂತಾದವು ಸಿಗುತ್ತವೆ.

ಇದು ತಲೆನೋವಿನ ಗುಳಿಗೆಯಂತಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮೊದಮೊದಲು ವಾಕರಿಕೆ, ಬಾಯಿ ಒಣಗುವುದು ಉಂಟು. ಸಾಮಾನ್ಯವಾಗಿ ತಾನಾಗಿ ಇಳಿಯುತ್ತದೆ. ಗೆಲುವಾದ ಮೇಲೂ ಆರು ತಿಂಗಳಾದರೂ ಮುಂದುವರಿಸಬೇಕು. ತಟ್ಟನೆ ಬಿಟ್ಟರೆ ತಲೆ ಸುತ್ತುತ್ತದೆ. ವೈದ್ಯರನ್ನು ಕೇಳಿ ಮೆಲ್ಲನೆ ಬಿಡಬೇಕು. ಜತೆಗೆ ಸಾರಾಯಿ ಕೂಡದು. ಇಪ್ಪತ್ತೈದು ದಾಟದ ಹುಡುಗರಲ್ಲಿ ಆರಂಭದ ವಾರಗಳಲ್ಲಿ ಸಾಯುವ ಯೋಚನೆ ಹೆಚ್ಚಬಹುದು; ಒಂದೇ ಖೋಲಿಯಲ್ಲಿ ಮಲಗುವವರು ಕಣ್ಣಿಟ್ಟಿರಬೇಕು. ಮುಂಚೆ ಎಂದಾದರೂ ಅತಿ ಉತ್ಸಾಹ ಏರಿ ಹಲವು ದಿನ ನಿದ್ದೆಯೇ ಬೇಡವೆನಿಸಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು; ಅಂಥವರ ಚಿಕಿತ್ಸೆ ಬೇರೆ.

ಗುಳಿಗೆ ಹನ್ನೆರಡು ತಾಸಿನ ದುಡಿಮೆಯನ್ನು ಇಳಿಸದು, ಬಾಕಿ ಪಗಾರ ಕೊಡಿಸದು. 1982ರ ಮುಷ್ಕರದ ಬಳಿಕ ಗಿರಣಿ ಮುಚ್ಚಿ ಕೆಲಸ ಹೋದ ಹಿರಿಯರ ಮೌನವನ್ನು ನಾವು ಕಂಡಿದ್ದೇವೆ. ಅದಕ್ಕೆ ಸಂಘವೇ ಬೇಕು. ಆದರೆ ಚಾಪೆಯಿಂದ ಏಳಲಾಗದವನು ಸಂಘಕ್ಕೆ ಬರುವುದು ಹೇಗೆ? ಮೊದಲು ಅವನನ್ನು ಎಬ್ಬಿಸೋಣ.

2017ರ ಕಾಯಿದೆಯಂತೆ ಸರಕಾರಿ ವ್ಯವಸ್ಥೆಯಲ್ಲಿ ಮಾನಸಿಕ ಚಿಕಿತ್ಸೆ ಪಡೆಯುವುದು ನಮ್ಮ ಹಕ್ಕು. ಕೆ.ಇ.ಎಂ., ಸಾಯನ್, ನಾಯರ್ ಆಸ್ಪತ್ರೆಗಳಲ್ಲಿ ಇದಕ್ಕೆ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಒಬ್ಬನೇ ಹೋಗಲು ಅಂಜುವವನ ಜತೆಗೆ ನಮ್ಮಲ್ಲೊಬ್ಬ ರಜೆ ಹಾಕಿ ಹೋಗಲಿ. ಸಂಘವೆಂದರೆ ಅದೂ ಹೌದು.