ಕೀಟದ ಬಾಯಿ, ನಂಜಿನ ದಾರಿ

(ಚಾಂಪಿಯನ್ ರೀಫ್ಸ್‌ನಲ್ಲಿ ಬೆಟ್ಟಸೀಮೆಯ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಊರಿಗೆ ಬಂದವರ ಕಣ್ಣು ಮೊದಲು ಹೋಗುವುದು ಸಯನೈಡ್ ದಿಬ್ಬಗಳ ಕಡೆಗೆ. 2001ರ ಫೆಬ್ರುವರಿ 28ರಂದು ಚಿನ್ನದ ಗಣಿ ಮುಚ್ಚಿತು. ಅದು ಬಿಟ್ಟುಹೋದುದು ಎಲ್ಲರಿಗೂ ಕಾಣುತ್ತದೆ. ನಾನು ಇಂದು ಹೇಳಬೇಕೆಂದಿರುವುದು ಕಣ್ಣಿಗೆ ಕಾಣದ ಒಂದು ನಂಜಿನ ವಿಷಯ. ಬಂಗಾರಪೇಟೆಯ ಸುತ್ತಲಿನ ಟೊಮೆಟೊ ಹೊಲಗಳಲ್ಲಿ ಎಲೆಗಳು ಮುದುಡಿ, ಗಿಡ ಕುಳ್ಳಾಗಿ, ಹೂವು ನಿಂತರೂ ಕಾಯಿ ಕಚ್ಚದಿರುವುದನ್ನು ನೀವು ನೋಡಿದ್ದೀರಿ. ರೈತರು ಅದನ್ನು ಎಲೆ ಮುಟುರು ರೋಗ ಎನ್ನುತ್ತಾರೆ.

ಇದಕ್ಕೆ ಕಾರಣ ಒಂದು ವೈರಸ್. ವೈರಸ್‌ಗೆ ಕಾಲಿಲ್ಲ, ರೆಕ್ಕೆಯಿಲ್ಲ. ಸಸ್ಯಕೋಶದ ಗಟ್ಟಿ ಗೋಡೆಯನ್ನು ತಾನಾಗಿ ಕೊರೆಯುವ ಶಕ್ತಿಯೂ ಇಲ್ಲ. ಅದಕ್ಕೆ ಬೇರೊಬ್ಬರ ಬಾಯಿ ಬೇಕು. ಕೆಲವು ವೈರಸ್‌ಗಳು ದುಂಬಿಗಳ ಬಾಯಿಯನ್ನು ಆಶ್ರಯಿಸಿವೆ. 1966ರಲ್ಲಿ ಕೀನ್ಯಾದ ವಿಕ್ಟೋರಿಯಾ ಸರೋವರದ ದಂಡೆಯಲ್ಲಿ ಭತ್ತದ ಹಳದಿ ಮಚ್ಚೆ ರೋಗ ಕಂಡಿತು. ಅದನ್ನು ಹರಡುವವು ಎಲೆ ತಿನ್ನುವ ದುಂಬಿಗಳು. ದುಂಬಿ ಎಲೆಯನ್ನು ಅಗಿಯುವಾಗ ಬಾಯಿರಸವನ್ನು ಗಾಯದ ಅಂಚಿಗೆ ಬಳಿಯುತ್ತದೆ. ವಿಚಿತ್ರವೆಂದರೆ, ಆ ರಸದಲ್ಲಿರುವ ಕಿಣ್ವವೊಂದು ಹೆಚ್ಚಿನ ವೈರಸ್‌ಗಳು ಗಾಯದಲ್ಲಿ ನೆಲೆಗೊಳ್ಳದಂತೆ ತಡೆಯುತ್ತದೆ. ಗಾಯದಿಂದ ಬೇಗನೆ ಒಳಕ್ಕೆ ಸರಿಯಬಲ್ಲ ಕೆಲವೇ ಜಾತಿಗಳು ಆ ದಾರಿಯಲ್ಲಿ ಉಳಿಯುತ್ತವೆ. ಹೀಗೆ ಪ್ರತಿ ನಂಜಿಗೂ ತನ್ನದೇ ವಾಹನವುಂಟು. ಬೆಟ್ಟದವರಾದ ನಿಮಗೆ ಏಲಕ್ಕಿಯ ಕಟ್ಟೆ ರೋಗ ಗೊತ್ತು. ಅದನ್ನು ಹರಡುವುದು ಹೇನು. ನಮ್ಮ ಜನರ ಬಾಯಲ್ಲಿದ್ದ ‘ಕಟ್ಟೆ’ ಎಂಬ ಹೆಸರನ್ನೇ ಜಗತ್ತಿನ ಸಸ್ಯರೋಗ ಶಾಸ್ತ್ರ ಇಟ್ಟುಕೊಂಡಿದೆ.

ಟೊಮೆಟೊ ನಂಜಿನ ವಾಹನ ಬಿಳಿ ನೊಣ. ಹೆಸರು ನೊಣವಾದರೂ ಅದು ಹೇನು, ಜಿಗಿಹುಳುಗಳ ಬಳಗಕ್ಕೆ ಸೇರಿದ ಕೀಟ. ಸುಮಾರು ಒಂದು ಮಿಲಿಮೀಟರ್ ಉದ್ದ. ಎಲೆಯ ಅಡಿಯಲ್ಲಿ ಮೊಟ್ಟೆಯಿಡುತ್ತದೆ, ಮರಿಗಳು ಅಲ್ಲಿಯೇ ಅಂಟಿ ಕುಳಿತು ರಸ ಹೀರುತ್ತವೆ. ಬೇಸಿಗೆಯಲ್ಲಿ ಎರಡು ಮೂರು ವಾರಗಳಲ್ಲಿ ಒಂದು ಪೀಳಿಗೆ ಮುಗಿಯುತ್ತದೆ. ದುಂಬಿಯಂತೆ ಇದು ಅಗಿಯುವುದಿಲ್ಲ. ಸೂಜಿಯಂತಹ ಬಾಯಿಯನ್ನು ಎಲೆಯ ರಸನಾಳಕ್ಕೆ ಇಳಿಸುತ್ತದೆ. ರೋಗದ ಗಿಡದಲ್ಲಿ ಕೆಲವು ನಿಮಿಷ ಹೀರಿದರೆ ಸಾಕು, ವೈರಸ್ ಒಳಸೇರುತ್ತದೆ. ಕರುಳಿನ ಗೋಡೆಯನ್ನು ದಾಟಿ, ದೇಹದ್ರವದಲ್ಲಿ ಸಾಗಿ, ಜೊಲ್ಲಿನ ಗ್ರಂಥಿಯನ್ನು ತಲುಪಲು ಕೆಲವು ಗಂಟೆ ಹಿಡಿಯುತ್ತದೆ. ಆ ಮೇಲೆ ಆ ನೊಣ ಬಹುದಿನಗಳ ಕಾಲ ಕುಳಿತ ಗಿಡಗಳಿಗೆಲ್ಲ ನಂಜನ್ನು ಚುಚ್ಚಬಲ್ಲದು. ವೈರಸ್ಸಿನ ಕಣವಾದರೋ ಎರಡು ಗುಂಡುಗಳು ಬೆಸೆದಂತಹ ಅವಳಿ ರೂಪದ್ದು. ಅದರ ಆನುವಂಶಿಕ ಲಿಪಿ ಕೇವಲ 2,700 ಅಕ್ಷರಗಳ ಆಸುಪಾಸು. ಇಷ್ಟು ಪುಟ್ಟ ಬರಹ ಒಂದು ಕುಟುಂಬದ ವರ್ಷದ ಲೆಕ್ಕವನ್ನು ಅಳಿಸಿಬಿಡುತ್ತದೆ.

ಸೋಂಕು ಯಾವಾಗ ತಗಲಿತು ಎಂಬುದರ ಮೇಲೆ ನಷ್ಟ ನಿಂತಿದೆ. 1973ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ನಾಟಿಯಾದ ಮೊದಲ 20 ದಿನಗಳಲ್ಲಿ ರೋಗ ಬಂದರೆ ಇಳುವರಿಯ ನೂರಕ್ಕೆ 90ಕ್ಕೂ ಹೆಚ್ಚು ಭಾಗ ಹೋಗುತ್ತದೆ. 90 ದಿನಗಳ ನಂತರವಾದರೆ ಮೂರನೆಯ ಒಂದು ಪಾಲಿಗಿಂತ ಕಡಿಮೆ. ಆದುದರಿಂದ ಕಾಪಾಡಬೇಕಾದುದು ಎಳೆಯ ಸಸಿಯನ್ನು.

ಈಗ ನಮ್ಮ ಜಿಲ್ಲೆಯ ವಿಷಯಕ್ಕೆ ಬರುತ್ತೇನೆ. ಬಿಳಿ ನೊಣದಲ್ಲಿ ಹಲವು ತಳಿಗಳಿವೆ. ಅವುಗಳಲ್ಲಿ ‘ಬಿ’ ಎಂದು ಕರೆಯಲಾಗುವ ತಳಿ ಬೇಗ ಹೆಚ್ಚುವಂಥದು, ಅನೇಕ ಬೆಳೆಗಳ ಮೇಲೆ ಬದುಕುವಂಥದು, ಕೀಟನಾಶಕಗಳಿಗೆ ಬಗ್ಗದಂಥದು. ಅದರ ಮರಿಗಳು ರಸ ಹೀರಿದರೆ ಕುಂಬಳ ಜಾತಿಯ ಎಲೆಗಳು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತವೆ. ಈ ತಳಿಯನ್ನು ಭಾರತದಲ್ಲಿ ಮೊಟ್ಟಮೊದಲು ಗುರುತಿಸಿದುದು ಇದೇ ಕೋಲಾರ ಜಿಲ್ಲೆಯಲ್ಲಿ, 1999ರಲ್ಲಿ. ಚಿನ್ನಕ್ಕಾಗಿ ಹೆಸರಾದ ನೆಲಕ್ಕೆ ದೊರೆತ ಈ ಇನ್ನೊಂದು ಹೆಸರು ಶಾಲಾ ಪುಸ್ತಕಗಳಲ್ಲಿ ಇಲ್ಲ.

ನಮ್ಮ ಉತ್ತರ ಏನಾಗಿತ್ತು? ಸಿಂಪರಣೆ. ವಾರಕ್ಕೊಮ್ಮೆ ಇದ್ದುದು ಎರಡು ಸಲವಾಯಿತು. ಆದರೆ ಪಕ್ಕದ ಹೊಲದಿಂದ ಹಾರಿಬಂದ ನೊಣ ಔಷಧಿ ತಗಲಿ ಸಾಯುವ ಮುನ್ನವೇ ಚುಚ್ಚಿ ಮುಗಿಸಿರಬಹುದು. ಸಾಯುವವರಲ್ಲಿ ಬಿಳಿ ನೊಣದ ಮರಿಗಳೊಳಗೆ ಮೊಟ್ಟೆಯಿಡುವ ಸಣ್ಣ ಪರಾವಲಂಬಿ ಕಣಜದ ಹುಳುಗಳೂ ಇರುತ್ತವೆ. ಅವು ನಮ್ಮ ಪಕ್ಷದವು.

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಬೇಸಿಗೆಯಲ್ಲಿ ಬೆಲೆ ಬಿದ್ದು, ಬಿಡಿಸುವ ಕೂಲಿಯೂ ಹುಟ್ಟದೆ ಅರ್ಧ ಎಕರೆ ಟೊಮೆಟೊವನ್ನು ಹಾಗೆಯೇ ಬಿಟ್ಟೆ. ಮಗ್ಗುಲಲ್ಲಿಯೇ ಹೊಸ ಸಸಿ ನೆಟ್ಟೆ. ಮೂರು ವಾರ ತುಂಬುವ ಮೊದಲೇ ಎಲೆ ಮುದುಡಿತು. ಬಿತ್ತನೆ ಕೆಟ್ಟದ್ದೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ. ಈ ನಂಜಿನ ಮುಖ್ಯ ದಾರಿ ಬೀಜವಲ್ಲವೆಂದು ತಿಳಿದದ್ದು ಆಮೇಲೆ. ನಾನು ಬಿಟ್ಟ ಹಳೆಯ ಗಿಡಗಳೇ ನಂಜಿನ ಉಗ್ರಾಣವಾಗಿದ್ದವು. ಪಾರ್ಥೇನಿಯಂನಂತಹ ಕಳೆಗಳಲ್ಲಿಯೂ ವೈರಸ್ ಉಳಿಯುತ್ತದೆ, ನಿಜ. ಆದರೆ ವರ್ಷವಿಡೀ ಒಂದರ ಹಿಂದೊಂದು ಟೊಮೆಟೊ ನೆಡುವ ನಮ್ಮ ಸೀಮೆಯಲ್ಲಿ ಹಳೆಯ ಟೊಮೆಟೊವೇ ಹೊಸ ಟೊಮೆಟೊಗೆ ಶತ್ರು. ಮಾರುಕಟ್ಟೆಯಲ್ಲಿ ಬೆಲೆ ಬಿದ್ದ ವಾರ ಹೊಲದಲ್ಲಿ ರೋಗದ ಬಿತ್ತನೆ ನಡೆಯುತ್ತದೆ.

ದಾರಿಗಳು ಇಲ್ಲದಿಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ ನಂದಿ, ಸಂಕ್ರಾಂತಿ, ವೈಭವ ಎಂಬ ನಿರೋಧಕ ತಳಿಗಳನ್ನು ಕೊಟ್ಟಿತು; ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿಂದ ಅರ್ಕಾ ರಕ್ಷಕ್ ಬಂದಿತು. ಸಸಿಮಡಿಯ ಮೇಲೆ ಒತ್ತಾದ ನೈಲಾನ್ ಪರದೆ ಕಟ್ಟಿದರೆ ಸಸಿ ತನ್ನ ಅತಿ ಅಪಾಯದ ದಿನಗಳಲ್ಲಿ ಕೆಲವನ್ನಾದರೂ ಕ್ಷೇಮವಾಗಿ ಕಳೆಯುತ್ತದೆ. ಹೊಲದ ಸುತ್ತ ಮೆಕ್ಕೆಜೋಳದ ಸಾಲು ನೊಣದ ಹಾರಾಟಕ್ಕೆ ಅಡ್ಡಗೋಡೆ. ಇವೆಲ್ಲ ಒಬ್ಬ ರೈತ ಮಾಡಬಹುದಾದ ಕೆಲಸ. ಹಳೆಯ ಬೆಳೆಯನ್ನು ಕಿತ್ತು ಹೂಳುವುದು, ಊರಿಗೆ ಊರೇ ಬೇಸಿಗೆಯಲ್ಲಿ ಕೆಲವು ವಾರ ಟೊಮೆಟೊ ನೆಡದಿರುವುದು ಮಾತ್ರ ಒಬ್ಬನಿಂದ ಆಗದು. ನನ್ನ ಹೊಲ ಶುದ್ಧವಾಗಿದ್ದು ನೆರೆಯ ಹೊಲ ಒಣಗಿ ನಿಂತಿದ್ದರೆ ನೊಣಕ್ಕೆ ಬದುವಿನ ಗುರುತು ಸಿಕ್ಕೀತೆ?

ಬೆಲೆ ಬಿದ್ದ ವಾರ, ಬಿಡಿಸಲೂ ಹಣವಿಲ್ಲದ ರೈತ ಆ ಗಿಡಗಳನ್ನು ಕೀಳಿಸಲು ಕೂಲಿ ಎಲ್ಲಿಂದ ತರಬೇಕು? ಅದನ್ನು ಪಂಚಾಯಿತಿ ಕೊಡಬೇಕೆ, ಮುಯ್ಯಾಳಿನಲ್ಲಿ ಊರೇ ಮಾಡಿಕೊಳ್ಳಬೇಕೆ? ನಮ್ಮ ಊರಿನಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಏಲಕ್ಕಿ ತೋಟಗಳಲ್ಲಿ ಕಟ್ಟೆ ಹತ್ತಿದ ಬುಡಗಳನ್ನು ಕಿತ್ತು ಅನುಭವವುಳ್ಳ ಹಿರಿಯರು ಇಲ್ಲಿದ್ದೀರಿ. ನಿಮ್ಮಲ್ಲಿ ಅದನ್ನು ಹೇಗೆ ಮಾಡಿದಿರಿ, ಕೂಲಿ ಯಾರು ಕೊಟ್ಟರು ಎಂಬುದನ್ನು ಕೇಳಿ ಬರೆದುಕೊಳ್ಳಲು ನಾನು ಪುಸ್ತಕ ತಂದಿದ್ದೇನೆ.